ಗಡಸು ಮಾಡಿದರೆ ಸಾಲದು, ಹದ ಬೇಕು: ಉಳಿ, ಹಿತ್ತಾಳೆ, ಗಾಜು ಮುರಿಯದಂತೆ ಮಾಡುವ ಸಮಗ್ರ ಮಾರ್ಗದರ್ಶಿ

ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮನೆಯಲ್ಲೇ ಉಳಿ ಮಾಡಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಕೆಂಪಗೆ ಕಾಯಿಸುತ್ತಾರೆ, ಎಣ್ಣೆಗೆ ಅದ್ದುತ್ತಾರೆ, ಮೇಲೆ ಅರ ಆಡಿಸಿ ನೋಡುತ್ತಾರೆ. ಅರ ಜಾರುತ್ತದೆ. ಕೆಲಸ ಮುಗಿಯಿತು ಅಂದುಕೊಂಡು ಹಿಡಿ ಹಾಕುತ್ತಾರೆ. ಸುತ್ತಿಗೆಯ ಮೊದಲ ಏಟಿಗೇ ಬಾಯಿಯಿಂದ ಚಕ್ಕೆ ಎದ್ದು ಹೋಗುತ್ತದೆ. ಸಿಮೆಂಟ್ ನೆಲಕ್ಕೆ ಬಿದ್ದರೆ ಎರಡು ತುಂಡು.

ಇದರಲ್ಲಿ ಕಬ್ಬಿಣದ ತಪ್ಪು ಏನೂ ಇಲ್ಲ. ಅರ್ಧ ಕೆಲಸ ಮಾತ್ರ ಆಗಿದೆ, ಅಷ್ಟೇ. ಅದ್ದಿದ ಮೇಲೆ ಅದೇ ಉಳಿಯನ್ನು ಇನ್ನೊಮ್ಮೆ, ಕಡಿಮೆ ಶಾಖದಲ್ಲಿ ಕಾಯಿಸಬೇಕು. ಗಾಜಿನಲ್ಲೂ ಹೀಗೇ: ಕರಗಿಸಿ ಆಕಾರ ಕೊಟ್ಟರೆ ಸಾಲದು, ಅದನ್ನು ಆರಿಸುವ ಕ್ರಮ ಬೇರೆಯೇ ಇದೆ. ಈ ಬರಹದಲ್ಲಿ ಜಾಸ್ತಿ ಜಾಗ ಉಕ್ಕಿಗೆ ಕೊಟ್ಟಿದ್ದೇನೆ, ಏಕೆಂದರೆ ಕೈತಪ್ಪುವುದು ಅಲ್ಲೇ ಹೆಚ್ಚು.

ಪೆಡಸು ಎಲ್ಲಿಂದ ಬರುತ್ತದೆ

ಉಕ್ಕು ಅಂದರೆ ಕಬ್ಬಿಣದ ಜೊತೆ ಸ್ವಲ್ಪ ಇಂಗಾಲ. ಸುಮಾರು 800 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕಬ್ಬಿಣದ ಪರಮಾಣುಗಳ ಜೋಡಣೆ ಬದಲಾಗಿ, ಇಂಗಾಲ ಅದರೊಳಗೆ ಕರಗಿ ಸೇರಿಕೊಳ್ಳುತ್ತದೆ. ನಿಧಾನವಾಗಿ ಆರಿಸಿದರೆ ಇಂಗಾಲ ಮತ್ತೆ ಹೊರಗೆ ಬರುತ್ತದೆ, ಉಕ್ಕು ಮೆತ್ತಗಾಗುತ್ತದೆ. ತಟ್ಟನೆ ಎಣ್ಣೆಗೋ ನೀರಿಗೋ ಅದ್ದಿದರೆ ಹೊರಬರಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಒಳಗೇ ಸಿಕ್ಕಿಕೊಂಡು ಇಡೀ ಜೋಡಣೆಯನ್ನು ಎಳೆದು ಬಿಗಿಯುತ್ತದೆ. ಈ ಸ್ಥಿತಿಗೆ ಮಾರ್ಟೆನ್ಸೈಟ್ ಎಂದು ಹೆಸರು. ತುಂಬಾ ಗಡಸು, ಅಷ್ಟೇ ಪೆಡಸು, ಅಂದರೆ ಬಾಗದೆ ಟಕ್ಕನೆ ಮುರಿಯುವಂಥದ್ದು. ಹೀಗೆ ಬದಲಾಗುವಾಗ ಉಕ್ಕು ಸ್ವಲ್ಪ ಹಿಗ್ಗುವುದರಿಂದ ಒಳಗೆ ಒತ್ತಡವೂ ತುಂಬಿಕೊಂಡಿರುತ್ತದೆ. ಅದ್ದಿದ ಉಳಿಯನ್ನು ಹಾಗೇ ರಾತ್ರಿಯಿಡೀ ಬಿಟ್ಟರೆ ಯಾರೂ ಮುಟ್ಟದೆ ತಾನೇ ಬಿರುಕು ಬಿಡುವುದೂ ಉಂಟು.

ಎರಡನೇ ಸಲ 200ರಿಂದ 300 ಡಿಗ್ರಿವರೆಗೆ ಕಾಯಿಸಿದಾಗ ಸಿಕ್ಕಿಬಿದ್ದ ಇಂಗಾಲದಲ್ಲಿ ಸ್ವಲ್ಪ ಭಾಗ ಹೊರಬರುತ್ತದೆ, ಒತ್ತಡ ಸಡಿಲವಾಗುತ್ತದೆ. ಗಡಸುತನ ತುಸು ಇಳಿಯುತ್ತದೆ, ತಾಳಿಕೊಳ್ಳುವ ಶಕ್ತಿ ಬಹಳ ಏರುತ್ತದೆ. ಹದ ಹಾಕುವುದು, ಕಾರ್ಖಾನೆಯವರ ಮಾತಿನಲ್ಲಿ ಟೆಂಪರಿಂಗ್, ಅಂದರೆ ಇದೇ.

ಯಾವ ಕಬ್ಬಿಣ ತರಬೇಕು

ಮನೆ ಕಟ್ಟುವ ಕಂಬಿ, ಆ್ಯಂಗಲ್, ಗೇಟಿನ ಪಟ್ಟಿ ಇವೆಲ್ಲ ಉಳಿಗೆ ಆಗುವುದಿಲ್ಲ. ಅವುಗಳಲ್ಲಿ ಇಂಗಾಲ ಕಡಿಮೆ. ಎಷ್ಟು ಸಲ ಅದ್ದಿದರೂ ಬಾಯಿ ನಿಲ್ಲುವಷ್ಟು ಗಡಸಾಗುವುದಿಲ್ಲ. ಗುಜರಿ ಅಂಗಡಿಯಲ್ಲಿ ಹುಡುಕಬೇಕಾದದ್ದು ಲಾರಿ ಅಥವಾ ಜೀಪಿನ ಸ್ಪ್ರಿಂಗ್ ಪಟ್ಟಿ, ಕಾರಿನ ಸುರುಳಿ ಸ್ಪ್ರಿಂಗು, ಹಳೆಯ ಅರ. ಸ್ಪ್ರಿಂಗ್ ಉಕ್ಕಿನಲ್ಲಿ ಸಾಮಾನ್ಯವಾಗಿ 0.5ರಿಂದ 0.6 ಶೇಕಡಾ ಇಂಗಾಲ ಇರುತ್ತದೆ. ಒಳ್ಳೆಯ ಅರದಲ್ಲಿ 1 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ.

ಅನುಮಾನ ಇದ್ದರೆ ಗ್ರೈಂಡರ್‌ಗೆ ಹಿಡಿದು ಕಿಡಿ ನೋಡಿ. ಮೆತ್ತನೆ ಕಬ್ಬಿಣದ ಕಿಡಿ ಉದ್ದಕ್ಕೆ, ನೇರವಾಗಿ ಹಾರುತ್ತದೆ, ಸಿಡಿಯುವುದು ಕಡಿಮೆ. ಇಂಗಾಲ ಜಾಸ್ತಿ ಇರುವುದರ ಕಿಡಿ ಹತ್ತಿರದಲ್ಲೇ ಕವಲೊಡೆದು ದಟ್ಟವಾಗಿ ಸಿಡಿಯುತ್ತದೆ. ಅದಕ್ಕಿಂತ ನಂಬಿಕೆಯದು ತುಂಡು ಪರೀಕ್ಷೆ. ಬೆರಳುದ್ದದ ಒಂದು ಚೂರು ಕತ್ತರಿಸಿ, ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ. ಆಮೇಲೆ ಬಟ್ಟೆ ಸುತ್ತಿ ವೈಸ್‌ನಲ್ಲಿ ಕಚ್ಚಿಸಿ ಸುತ್ತಿಗೆಯಿಂದ ಹೊಡೆಯಿರಿ. ಬಾಗಿದರೆ ಬೇಡ. ಟಕ್ಕನೆ ಮುರಿದರೆ ಬೇಕು.

ಹಳೆಯ ಸ್ಪ್ರಿಂಗ್ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ವರ್ಷಗಟ್ಟಲೆ ಕುಲುಕಾಡಿದ ಉಕ್ಕು ಅದು. ಮುರಿದ ಜಾಗದ ಪಕ್ಕದ ಭಾಗವನ್ನೂ ಬೋಲ್ಟಿನ ತೂತಿನ ಸುತ್ತಲಿನ ಭಾಗವನ್ನೂ ಬಿಟ್ಟು ಬೇರೆ ಕಡೆಯಿಂದ ಕತ್ತರಿಸಿಕೊಳ್ಳಿ. ಅರ ಆದರೆ ಅದರ ಹಲ್ಲುಗಳನ್ನು ಪೂರ್ತಿ ತೇಯ್ದು ತೆಗೆಯಬೇಕು. ಒಂದೊಂದು ಹಲ್ಲಿನ ಬುಡವೂ ಬಿರುಕು ಹುಟ್ಟುವ ಜಾಗ.

ಸತುವಿನ ಲೇಪ ಇರುವ ತಗಡು, ಪೈಪು, ಬೋಲ್ಟು ಕಾಯಿಸಲೇಬೇಡಿ. ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ. ಹೊಳೆಯುವ ಕ್ರೋಮ್ ಲೇಪಕ್ಕೂ ಇದೇ ಮಾತು, ಅದು ಇನ್ನೂ ಅಪಾಯ.

ಜೋಡಿಸಿಕೊಳ್ಳಿ

ಇದ್ದಿಲಿನ ಕುಲುಮೆ ಅಥವಾ ಗ್ಯಾಸ್ ಕುಲುಮೆ. ಉದ್ದ ಹಿಡಿಯ ಇಕ್ಕಳ. ಒಂದು ಅಯಸ್ಕಾಂತ. 4ರಿಂದ 5 ಲೀಟರ್ ಎಣ್ಣೆ ಹಿಡಿಯುವ, ಮುಚ್ಚಳ ಇರುವ ಉದ್ದನೆಯ ಕಬ್ಬಿಣದ ಡಬ್ಬ. ಪ್ಲಾಸ್ಟಿಕ್ ಬಕೆಟ್ ಆಗುವುದೇ ಇಲ್ಲ. ಎಣ್ಣೆಗೆ ಕಡಲೆಕಾಯಿ ಎಣ್ಣೆಯೋ ಸೂರ್ಯಕಾಂತಿ ಎಣ್ಣೆಯೋ ಸಾಕು. ಗಾಡಿಯ ಹಳೆ ಎಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆ ಅಂತ ಬಹಳ ಜನ ಅದನ್ನೇ ಬಳಸುತ್ತಾರೆ. ನಾನು ಬೇಡ ಅನ್ನುತ್ತೇನೆ. ಅದರಲ್ಲಿ ಸೇರಿರುವ ರಾಸಾಯನಿಕಗಳೆಲ್ಲ ಹೊಗೆಯಾಗಿ ನಿಮ್ಮ ಎದೆಗೇ ಹೋಗುತ್ತವೆ.

ಕಣ್ಣಿಗೆ ಕನ್ನಡಕ, ಕಾಲಿಗೆ ಚರ್ಮದ ಶೂ, ಮೈಗೆ ಹತ್ತಿ ಬಟ್ಟೆ. ಟೆರಿಕಾಟ್ ಬೇಡ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಡಬ್ಬದ ಮುಚ್ಚಳ ಹಾಕಿ. ಮುಚ್ಚಳ ಕೈಗೆಟಕುವ ಜಾಗದಲ್ಲಿದೆಯಾ ಅಂತ ಉಳಿಯನ್ನು ಕುಲುಮೆಗೆ ಇಡುವ ಮುಂಚೆಯೇ ನೋಡಿಕೊಳ್ಳಿ.

ಹಂತ 1: ಬಡಿದ ದಣಿವು ಇಳಿಸುವುದು

ಸುತ್ತಿಗೆಯಿಂದ ಬಡಿದು ಆಕಾರ ಕೊಟ್ಟ ಉಕ್ಕಿನಲ್ಲಿ ಒಂದು ಕಡೆ ಹರಳು (ಉಕ್ಕಿನ ಒಳಗಿನ ಕಣ) ದಪ್ಪ, ಇನ್ನೊಂದು ಕಡೆ ಸಣ್ಣ. ಹಾಗೇ ಅದ್ದಿದರೆ ಸೊಟ್ಟಗಾಗುತ್ತದೆ, ಇಲ್ಲವೇ ಸೀಳುತ್ತದೆ. ಅದಕ್ಕೇ ಮೊದಲು ಉಳಿಯನ್ನು ಸಮನಾಗಿ ಕೆಂಪು ಕಿತ್ತಳೆ ಬಣ್ಣಕ್ಕೆ ಕಾಯಿಸಿ, ಗಾಳಿ ಬೀಸದ ಜಾಗದಲ್ಲಿ ನೇತುಹಾಕಿ, ಕಪ್ಪಾಗುವವರೆಗೆ ತಾನಾಗಿ ಆರಲು ಬಿಡಿ. ಇದನ್ನು ಮೂರು ಸಲ ಮಾಡಿ. ಪ್ರತಿ ಸಲವೂ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ ಕಾಯಿಸಿ. ಹರಳು ಸಣ್ಣದಾಗುತ್ತಾ ಬರುತ್ತದೆ. ಈ ಹಂತ ಬಿಟ್ಟುಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ಖರ್ಚು ಏನೂ ಇಲ್ಲ, ಅರ್ಧ ಗಂಟೆಯ ಕೆಲಸ.

ಅರದಿಂದ ಉಳಿ ಮಾಡುತ್ತಿದ್ದರೆ ಇನ್ನೊಂದು ಕೆಲಸ ಇದೆ. ಕೆಂಪಗೆ ಕಾಯಿಸಿ ಒಣ ಬೂದಿಯಲ್ಲಿ ಹೂತು ರಾತ್ರಿ ಬಿಡಿ. ಬೆಳಿಗ್ಗೆಗೆ ಅದು ಕೊರೆಯಲು, ತೇಯಲು ಬರುವಷ್ಟು ಮೆತ್ತಗಾಗಿರುತ್ತದೆ.

ಆಮೇಲೆ ತೇಯ್ದು ಪೂರ್ತಿ ಆಕಾರ ಕೊಡಿ. ಆದರೆ ಬಾಯಿಯನ್ನು ಈಗಲೇ ಹರಿತ ಮಾಡಬೇಡಿ. ಒಂದು, ಒಂದೂವರೆ ಮಿಲಿಮೀಟರ್ ದಪ್ಪ ಉಳಿಸಿ. ತೆಳ್ಳಗಿನ ಬಾಯಿ ಬೇಗ ಕಾದು ಸುಡುತ್ತದೆ, ಅದ್ದಿದಾಗ ಮೊದಲು ಬಿರುಕು ಬಿಡುವುದೂ ಅದೇ. ಅಡ್ಡಡ್ಡ ಬಿದ್ದ ಗ್ರೈಂಡರ್ ಗೀರುಗಳನ್ನೂ ಉಜ್ಜಿ ತೆಗೆಯಿರಿ.

ಹಂತ 2: ಕಾಯಿಸಿ ಅದ್ದುವುದು

ಬಿಸಿಲಿನಲ್ಲಿ ಈ ಕೆಲಸ ಮಾಡಬೇಡಿ. ಬಿಸಿಲಲ್ಲಿ ಕಣ್ಣಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಕಾಯಿಸಿಬಿಡುತ್ತೀರಿ. ಮಬ್ಬು ಬೆಳಕಿನ ಶೆಡ್ಡು ಅಥವಾ ಮುಸ್ಸಂಜೆ ಸರಿಯಾದ ಹೊತ್ತು.

ಎಣ್ಣೆಯನ್ನು ಮೊದಲು 50ರಿಂದ 60 ಡಿಗ್ರಿಗೆ ಬಿಸಿ ಮಾಡಿ. ತಣ್ಣನೆ ಎಣ್ಣೆಯೇ ಬೇಗ ತಣಿಸಬೇಕಲ್ವಾ ಅನ್ನಿಸಬಹುದು. ಆಗುವುದು ಉಲ್ಟಾ. ಬೆಚ್ಚಗಿನ ಎಣ್ಣೆ ತೆಳ್ಳಗಾಗಿ ಉಳಿಯ ಸುತ್ತ ಸರಾಗವಾಗಿ ಹರಿಯುತ್ತದೆ, ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ.

ಈಗ ಉಳಿಯನ್ನು ಬೆಂಕಿಯಲ್ಲಿ ಹಿಂದೆ ಮುಂದೆ ಆಡಿಸುತ್ತಾ ಸಮನಾಗಿ ಕಾಯಿಸಿ. ತಿದಿ ಜೋರಾಗಿ ಊದಬೇಡಿ. ಆಗಾಗ ಹೊರತೆಗೆದು ಅಯಸ್ಕಾಂತಕ್ಕೆ ತಾಕಿಸಿ. ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ನಮಗೆ ಬೇಕಾದದ್ದು ಅದಕ್ಕಿಂತ ಸ್ವಲ್ಪ ಮೇಲೆ, ಸ್ಪ್ರಿಂಗ್ ಉಕ್ಕಿಗೆ 850ರ ಆಸುಪಾಸು. ಅಂಟುವುದು ನಿಂತ ಮೇಲೆ ಬಣ್ಣ ಒಂದು ಛಾಯೆ ತಿಳಿಯಾಗುವವರೆಗೆ ಕಾಯಿಸಿ, ಒಂದೆರಡು ನಿಮಿಷ ಅಲ್ಲೇ ನಿಲ್ಲಿಸಿ. ಅದಕ್ಕಿಂತ ಮೇಲೆ ಹೋಗಬೇಡಿ. ಹೆಚ್ಚು ಕಾದರೆ ಹರಳು ದಪ್ಪವಾಗುತ್ತದೆ, ಆಮೇಲೆ ಎಷ್ಟು ಹದ ಹಾಕಿದರೂ ಅದು ಪೆಡಸೇ.

ಇಂಗಾಲ ಜಾಸ್ತಿ ಇದ್ದಷ್ಟೂ ಹೆಚ್ಚು ಶಾಖವನ್ನು ಉಕ್ಕು ತಡೆಯುವುದಿಲ್ಲ. ನಮ್ಮ ಮೈಸೂರು ಸೀಮೆಯಲ್ಲಿ ಮೂಸೆಗಳಲ್ಲಿ ಉಕ್ಕು ತಯಾರಿಸುವುದನ್ನು ಫ್ರಾನ್ಸಿಸ್ ಬುಕನನ್ 1800ರ ಪ್ರವಾಸದಲ್ಲಿ ನೋಡಿ ಬರೆದಿಟ್ಟಿದ್ದಾನೆ. ದಕ್ಷಿಣ ಭಾರತದ ಆ ಮೂಸೆ ಉಕ್ಕಿನಲ್ಲಿ ಸುಮಾರು 1.5 ಶೇಕಡಾ ಇಂಗಾಲ ಇರುತ್ತಿತ್ತು. ಅದು ಯುರೋಪಿಗೆ ಹೋದಾಗ ಅಲ್ಲಿನ ಕಮ್ಮಾರರು ತಮ್ಮ ರೂಢಿಯಂತೆ ಬೆಳ್ಳಗಾಗುವಷ್ಟು ಕಾಯಿಸಿ ಬಡಿದರು. ಅದು ಸುತ್ತಿಗೆಯ ಕೆಳಗೆ ಪುಡಿಯಾಯಿತು. ಕಡಿಮೆ ಶಾಖದಲ್ಲಿ ತಾಳ್ಮೆಯಿಂದ ಬಡಿದವರ ಕೈಯಲ್ಲಿ ಅದೇ ಉಕ್ಕು ಜಗತ್ತಿನ ಹೆಸರುವಾಸಿ ಕತ್ತಿಗಳಾಗಿತ್ತು.

ಬಣ್ಣ ಬಂತಾ? ತಡ ಮಾಡದೆ ಉಳಿಯನ್ನು ನೆಟ್ಟಗೆ ಎಣ್ಣೆಗೆ ಇಳಿಸಿ. ಮೇಲೆ ಕೆಳಗೆ ಆಡಿಸಿ. ಪಕ್ಕಕ್ಕೆ ಅಲ್ಲಾಡಿಸಿದರೆ ಒಂದು ಮುಖ ಬೇಗ ಆರಿ ಬಾಗುತ್ತದೆ. ಸ್ಪ್ರಿಂಗ್ ಉಕ್ಕನ್ನು ನೀರಿಗೆ ಅದ್ದಬೇಡಿ, ಆ ವೇಗ ಅದಕ್ಕೆ ಜಾಸ್ತಿಯಾಗಿ ಸೀಳಬಹುದು. ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ತೆಗೆದು, ಕಪ್ಪು ಪದರ ಉಜ್ಜಿ, ಹಳೆ ಅರ ಆಡಿಸಿ ನೋಡಿ. ಅರ ಕಚ್ಚದೆ ಜಾರಿದರೆ ಗಡಸಾಗಿದೆ. ಕಚ್ಚಿದರೆ ಶಾಖ ಸಾಲಲಿಲ್ಲ, ಅಥವಾ ಅದ್ದುವಾಗ ತಡವಾಯಿತು. ಹಂತ 1ರಿಂದ ಮತ್ತೆ ಶುರು ಮಾಡಿ.

ಈ ಗಳಿಗೆಯಲ್ಲಿ ನಿಮ್ಮ ಕೈಲಿರುವುದು ಬಹಳ ನಾಜೂಕಿನ ವಸ್ತು. ಕೆಳಗೆ ಬೀಳಿಸಬೇಡಿ, ಬಡಿದು ನೆಟ್ಟಗೆ ಮಾಡಲು ಹೋಗಬೇಡಿ, ಊಟ ಮುಗಿಸಿ ಬರುತ್ತೇನೆ ಅಂತ ಇಟ್ಟು ಹೋಗಬೇಡಿ. ನೇರ ಮುಂದಿನ ಹಂತಕ್ಕೆ ಬನ್ನಿ.

ಹಂತ 3: ಹದ ಹಾಕುವುದು

ಸುಲಭದ ದಾರಿ ಮನೆಯ ಓಟಿಜಿ, ಅಂದರೆ ಅಡುಗೆಯ ಕರೆಂಟ್ ಓವನ್. ಅದು 250 ಡಿಗ್ರಿವರೆಗೆ ಹೋಗುತ್ತದೆ, ಮರಗೆಲಸದ ಉಳಿಗೆ ಅಷ್ಟು ಸಾಕು. ಉಳಿಯನ್ನು ಸೋಪು ಹಾಕಿ ತೊಳೆದು ಎಣ್ಣೆ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಅಡುಗೆಮನೆ ತುಂಬಾ ಹೊಗೆ. ಒಂದು ಟ್ರೇಯಲ್ಲಿ ಒಣ ಮರಳು ಹಾಕಿ ಅದರ ಮೇಲೆ ಉಳಿ ಇಡಿ. ಓವನ್ನಿನ ಶಾಖ ಏರಿಳಿಯುತ್ತಲೇ ಇರುತ್ತದೆ, ಮರಳು ಆ ಏರಿಳಿತವನ್ನು ತಗ್ಗಿಸುತ್ತದೆ. ಗುಂಡಿಯ ಮೇಲಿನ ಅಂಕಿಯನ್ನು ನಂಬಬೇಡಿ, ಒಳಗೆ ಇಡುವ ಥರ್ಮಾಮೀಟರ್ ಒಂದು ತಂದುಕೊಳ್ಳಿ. 200ರಿಂದ 220 ಡಿಗ್ರಿಯಲ್ಲಿ 1 ಗಂಟೆ ಕಾಯಿಸಿ, ಹೊರತೆಗೆದು ಪೂರ್ತಿ ಆರಿಸಿ, ಮತ್ತೆ 1 ಗಂಟೆ ಕಾಯಿಸಿ. ಎರಡನೇ ಸಲ ಯಾಕೆಂದರೆ ಎಣ್ಣೆಗೆ ಅದ್ದಿದಾಗ ಗಡಸಾಗದೆ ಒಳಗೆ ಉಳಿದಿದ್ದ ಸ್ವಲ್ಪ ಭಾಗ ಮೊದಲ ಸಲ ಆರುವಾಗ ಹೊಸದಾಗಿ ಗಡಸಾಗುತ್ತದೆ. ಅದಕ್ಕೂ ಹದ ಬೇಕು.

ಇನ್ನೊಂದು ಬಣ್ಣ ನೋಡಿ ಹದ ಹಾಕುವ ದಾರಿ. ಹೊಳಪು ಮಾಡಿದ ಉಕ್ಕನ್ನು ಕಾಯಿಸಿದಾಗ ಮೇಲೆ ತೆಳ್ಳನೆ ಪದರ ಹುಟ್ಟಿ ಬಣ್ಣ ತೋರಿಸುತ್ತದೆ:

ತಿಳಿ ಹುಲ್ಲಿನ ಬಣ್ಣ, ಸುಮಾರು 220 ಡಿಗ್ರಿ: ಮರಗೆಲಸದ ಉಳಿ, ಕೆತ್ತನೆಯ ಚಾಕು.
ಕಡು ಹಳದಿ, 240: ಪಂಚು, ಡ್ರಿಲ್.
ಕಂದು, 255ರ ಸುತ್ತ: ಕತ್ತರಿ.
ನೇರಳೆ, 280ರ ಸುತ್ತ: ಕಬ್ಬಿಣ ಕತ್ತರಿಸುವ ಚಾಣ, ಮಚ್ಚು.
ನೀಲಿ, 300ರ ಸುತ್ತ: ಸ್ಕ್ರೂಡ್ರೈವರ್.

ಬೇಗ ಬೇಗ ಕಾಯಿಸಿದಾಗ ಮಾತ್ರ ಬಣ್ಣದ ಈ ಲೆಕ್ಕ. ಓವನ್ನಿನಲ್ಲಿ ಗಂಟೆಗಟ್ಟಲೆ ಇಟ್ಟರೆ ಅದೇ ಶಾಖದಲ್ಲಿ ಬಣ್ಣ ಇನ್ನೂ ಗಾಢವಾಗುತ್ತದೆ. ಗಾಬರಿ ಬೇಡ, ಅಲ್ಲಿ ಥರ್ಮಾಮೀಟರ್ ಹೇಳಿದ್ದೇ ಸರಿ.

ಕಮ್ಮಾರರು ಚಾಣಕ್ಕೆ ಎರಡೂ ಕೆಲಸವನ್ನು ಒಂದೇ ಕಾವಿನಲ್ಲಿ ಮಾಡುವ ಒಂದು ಜಾಣ ಕ್ರಮವಿದೆ. ತುದಿಯಿಂದ 6–7 ಸೆಂಟಿಮೀಟರ್ ಕೆಂಪಗೆ ಕಾಯಿಸಿ, ತುದಿಯ 2–3 ಸೆಂಟಿಮೀಟರ್ ಮಾತ್ರ ಅದ್ದುತ್ತಾರೆ. ಅದ್ದುವಾಗ ಸ್ವಲ್ಪ ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು. ಒಂದೇ ಮಟ್ಟದಲ್ಲಿ ಹಿಡಿದರೆ ಆ ಗೆರೆಯಲ್ಲೇ ಮುಂದೆ ಮುರಿಯುತ್ತದೆ. ಹೊರತೆಗೆದು ತುದಿಯನ್ನು ಕಲ್ಲಿಗೆ ಚಕಚಕನೆ ಉಜ್ಜಿ ಬೆಳ್ಳಗೆ ಮಾಡಿ. ಹಿಂದೆ ಉಳಿದಿರುವ ಶಾಖ ತುದಿಯ ಕಡೆ ಹರಿದು ಬರುತ್ತದೆ. ಹಳದಿ, ಕಂದು, ನೇರಳೆ ಒಂದರ ಹಿಂದೆ ಒಂದು ಓಡಿ ಬರುವುದು ಕಣ್ಣಿಗೇ ಕಾಣುತ್ತದೆ. ನೇರಳೆ ಬಾಯಿಗೆ ಮುಟ್ಟಿದ ಕೂಡಲೇ ತುದಿಯನ್ನು ಮತ್ತೆ ಅದ್ದಿ. ಇದನ್ನು ನೋಡುವುದೇ ಒಂದು ಸಂತೋಷ.

ಮನೆ ಕಟ್ಟುವ ಟಿಎಂಟಿ ಕಂಬಿಯಲ್ಲೂ ಇದೇ ಉಪಾಯ ಇದೆ. ಕಾರ್ಖಾನೆಯಲ್ಲಿ ಕೆಂಪಗಿರುವ ಕಂಬಿಯ ಮೇಲೆ ನೀರು ಚಿಮ್ಮಿಸಿ ಹೊರಮೈಯನ್ನು ತಟ್ಟನೆ ತಣಿಸುತ್ತಾರೆ. ನಡುವಿನ ಶಾಖ ಹೊರಗೆ ಹರಿದು ಆ ಹೊರಮೈಗೆ ಹದ ಹಾಕುತ್ತದೆ.

ಚಾಣದ ತಲೆಯನ್ನು, ಅಂದರೆ ಸುತ್ತಿಗೆ ಬೀಳುವ ಕಡೆಯನ್ನು, ಎಂದೂ ಗಡಸು ಮಾಡಬೇಡಿ. ಗಡಸು ತಲೆಯಿಂದ ಹಾರುವ ಚೂರು ಕಣ್ಣು ತೆಗೆಯುತ್ತದೆ.

ಮುರಿದರೆ ಏನು ನೋಡಬೇಕು

ಮುರಿದ ತುಂಡನ್ನು ಎಸೆಯಬೇಡಿ. ಮುರಿದ ಮುಖ ರವೆಯ ಹಾಗೆ ತರಿತರಿಯಾಗಿ ಮಿನುಗಿದರೆ ಹೆಚ್ಚು ಕಾಯಿಸಿದ್ದೀರಿ, ಮೈದಾದ ಹಾಗೆ ನಯವಾಗಿ ಬೂದು ಬಣ್ಣಕ್ಕಿದ್ದರೆ ಕಾಯಿಸಿದ್ದು ಸರಿ ಇದೆ, ಹದ ಸಾಲಲಿಲ್ಲ. ಮುಖದ ಒಂದು ಮೂಲೆ ಮಾತ್ರ ಕಪ್ಪಾಗಿದ್ದರೆ ಆ ಬಿರುಕು ಅದ್ದುವ ಮುಂಚೆಯೇ ಇತ್ತು. ಬೆಂಕಿಯಲ್ಲಿದ್ದಾಗ ಅದರೊಳಗೂ ಕಪ್ಪು ಪದರ ಕೂತಿದೆ.

ವೆಲ್ಡಿಂಗ್ ಮಾಡಿದ ಪಿಕಾಸಿ, ಹಾರೆ, ಸ್ಪ್ರಿಂಗ್ ಪಟ್ಟಿ ಬೆಸುಗೆಯಲ್ಲಿ ಮುರಿಯದೆ ಅದರ ಪಕ್ಕದಲ್ಲಿ ಮುರಿಯುವುದನ್ನು ರೈತರು ನೋಡಿರುತ್ತಾರೆ. ಬೆಸುಗೆಯ ಶಾಖ ಪಕ್ಕದ ಉಕ್ಕನ್ನು ಕೆಂಪಗೆ ಮಾಡಿತು, ಸುತ್ತಲಿನ ತಣ್ಣನೆ ಲೋಹ ಆ ಶಾಖವನ್ನು ತಟ್ಟನೆ ಎಳೆದುಕೊಂಡಿತು. ಎಣ್ಣೆ ಇಲ್ಲದೆಯೇ ಅಲ್ಲಿ ಗಡಸಾಯಿತು, ಹದ ಬೀಳಲಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಮೂರು ವಿಷಯ ಕೇಳಿಕೊಳ್ಳಿ: ಮೊದಲು ಆ ಜಾಗವನ್ನು 200ರಿಂದ 300 ಡಿಗ್ರಿಗೆ ಕಾಯಿಸಿ, ಒಣಗಿಸಿದ 7018 ರಾಡ್ ಬಳಸಿ, ಮುಗಿದ ಮೇಲೆ ನೀರು ಹಾಕದೆ ಒಣ ಬೂದಿಯಲ್ಲಿ ಹೂತು ಆರಿಸಿ. ಕೆಲಸ ಸ್ವಲ್ಪ ತಡವಾಗುತ್ತದೆ, ಆದರೆ ಬೆಸುಗೆ ತುಂಬಾ ದಿನ ನಿಲ್ಲುತ್ತದೆ.

ಹಿತ್ತಾಳೆ, ತಾಮ್ರ

ಇಲ್ಲಿ ಲೆಕ್ಕ ಬೇರೆ. ಇವು ಅದ್ದಿದರೆ ಗಡಸಾಗುವುದಿಲ್ಲ, ಬಡಿದರೆ ಗಡಸಾಗುತ್ತವೆ. ಪಾತ್ರೆಯನ್ನು ಬಡಿಯುತ್ತಾ ಹೋದಂತೆ ಸುತ್ತಿಗೆಯ ಸದ್ದು ಬದಲಾಗಿ ಟಣ್ ಎನ್ನತೊಡಗುತ್ತದೆ. ಅಲ್ಲಿ ನಿಲ್ಲಿಸಿ, ಮಬ್ಬಿನಲ್ಲಿ ಮಂದ ಕೆಂಪು ಕಾಣುವಷ್ಟು ಕಾಯಿಸಿ, ಆಮೇಲೆ ಮುಂದುವರಿಸಿ. ನಿಲ್ಲಿಸದೆ ಬಡಿದರೆ ಅಂಚಿನಲ್ಲಿ ಸೀಳುತ್ತದೆ.

ಹಿತ್ತಾಳೆಯಲ್ಲಿ ಇನ್ನೊಂದು ಅಪಾಯ ಇದೆ. ಬ್ರಿಟಿಷ್ ಸೈನ್ಯ ಭಾರತದಲ್ಲಿ ಕೂಡಿಟ್ಟಿದ್ದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿ ಸೀಳುತ್ತಿದ್ದವು. ಕುದುರೆ ಲಾಯದ ಮೂತ್ರದಿಂದ ಬರುವ ಅಮೋನಿಯಾ, ತೇವ, ಒತ್ತಿ ಆಕಾರ ಕೊಟ್ಟಾಗ ಲೋಹದೊಳಗೆ ಉಳಿದ ಒತ್ತಡ, ಇವು ಸೇರಿ ಹಾಗಾಗುತ್ತಿತ್ತು ಎಂಬುದು 1921ರಲ್ಲಿ ಪ್ರಕಟವಾದ ಅಧ್ಯಯನದಿಂದ ಸ್ಪಷ್ಟವಾಯಿತು. ಬಡಿದು ಮುಗಿಸಿದ ಹಿತ್ತಾಳೆ ಸಾಮಾನನ್ನು ಕೊನೆಗೆ 250ರಿಂದ 300 ಡಿಗ್ರಿಯಲ್ಲಿ ಅರ್ಧ ಗಂಟೆ, ಒಂದು ಗಂಟೆ ಇಟ್ಟರೆ ಆ ಒತ್ತಡ ಇಳಿಯುತ್ತದೆ, ಬಿಗಿ ಹಾಗೇ ಉಳಿಯುತ್ತದೆ.

ಗಾಜು

ಕರಗಿದ ಗಾಜು ಆರುವಾಗ ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ಕುಗ್ಗಲು ಹೋಗಿ ಹೊರಮೈಯನ್ನು ಎಳೆಯುತ್ತದೆ. ಹೊರಗೆ ಒತ್ತು, ಒಳಗೆ ಸೆಳೆತ. ಒಂದು ಗೀರು ಒಳಗಿನ ಸೆಳೆತದ ಜಾಗ ಮುಟ್ಟಿದರೆ ಮುಗಿಯಿತು. 1660ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಜನರನ್ನು ಬೆರಗುಗೊಳಿಸಿದ ರೂಪರ್ಟ್ ಹನಿಗಳು ಇದರ ಪರಮಾವಧಿ. ಕರಗಿದ ಗಾಜನ್ನು ನೀರಿಗೆ ತೊಟ್ಟಿಕ್ಕಿಸಿ ಮಾಡಿದ ಹನಿಯ ತಲೆ ಸುತ್ತಿಗೆ ಏಟನ್ನೂ ತಡೆಯುತ್ತದೆ. ಬಾಲ ಚಿವುಟಿದರೆ ಇಡೀ ಹನಿ ಪುಡಿ. ಬಿರುಕು ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ.

ಬಾಗಿಲಿಗೆ ಹಾಕುವ ಟಫನ್ಡ್ ಗಾಜಿನಲ್ಲಿ ಈ ಒತ್ತಡವನ್ನು ಬೇಕಂತಲೇ ಎರಡೂ ಮುಖಕ್ಕೆ ಸಮನಾಗಿ ತುಂಬಿರುತ್ತಾರೆ, 600 ಡಿಗ್ರಿಗಿಂತ ಮೇಲೆ ಕಾಯಿಸಿ ಗಾಳಿ ಊದಿ. ಮನೆಯಲ್ಲಿ ಅಷ್ಟು ಸಮನಾಗಿ ಮಾಡಲು ಆಗುವುದಿಲ್ಲ, ಪ್ರಯತ್ನಿಸಬೇಡಿ. ಅಂಥ ಗಾಜನ್ನು ಕತ್ತರಿಸಲೂ ಹೋಗಬೇಡಿ. ನಮ್ಮ ಕೆಲಸ ಒತ್ತಡ ಇಲ್ಲದಂತೆ ಆರಿಸುವುದು, ಅಂದರೆ ಅನೀಲಿಂಗ್.

ಟಾರ್ಚಿನಲ್ಲಿ ಮಣಿ ಮಾಡುವವರಿಗೂ ಬಾಟಲಿ ಬಾಗಿಸಿ ತಟ್ಟೆ ಮಾಡುವವರಿಗೂ ಶಾಖ ಅಳೆದು ತೋರಿಸುವ ಕರೆಂಟಿನ ಭಟ್ಟಿ ಬೇಕೇ ಬೇಕು. ಮಣಿಯನ್ನು ಬೂದಿಯಲ್ಲೋ ವರ್ಮಿಕ್ಯುಲೈಟ್‌ನಲ್ಲೋ (ಶಾಖ ಹಿಡಿದಿಡುವ ಹಗುರ ಖನಿಜ) ಹೂತರೆ ಆ ಗಳಿಗೆಗೆ ಸೀಳುವುದು ತಪ್ಪುತ್ತದೆ, ಒತ್ತಡ ಪೂರ್ತಿ ಇಳಿಯುವುದಿಲ್ಲ. ಕಿವಿಯೋಲೆಗೆ ಹಾಕಿದ ಮೇಲೆ ಒಂದು ದಿನ ಅದು ಸುಮ್ನೆ ಎರಡಾಗುತ್ತದೆ.

ಮೆತ್ತನೆ ಮಣಿ ಗಾಜನ್ನು 510–520, ಬಾಟಲಿ ಮತ್ತು ಕಿಟಕಿ ಗಾಜನ್ನು 540–550, ಬೊರೊಸಿಲಿಕೇಟ್ ಗಾಜನ್ನು (ಶಾಖ ತಡೆಯುವ ಪಾತ್ರೆಗಳ ಗಾಜು) 560–565 ಡಿಗ್ರಿಯಲ್ಲಿ ನಿಲ್ಲಿಸಿ. ಸಣ್ಣ ಮಣಿಗೆ ಅರ್ಧದಿಂದ 1 ಗಂಟೆ ಸಾಕು. ಆಮೇಲೆ ಗಂಟೆಗೆ 60 ಡಿಗ್ರಿಯಂತೆ 370ರವರೆಗೆ ಇಳಿಸಿ, ಭಟ್ಟಿ ಆಫ್ ಮಾಡಿ, ಕೈಯಲ್ಲಿ ಮುಟ್ಟುವಷ್ಟು ಆರುವವರೆಗೆ ಬಾಗಿಲು ತೆರೆಯಬೇಡಿ. ದಪ್ಪ ಎರಡು ಪಟ್ಟಾದರೆ ಇಳಿಸುವ ವೇಗವನ್ನು ನಾಲ್ಕರಲ್ಲಿ ಒಂದು ಪಾಲು ಮಾಡಬೇಕು. ದಪ್ಪ ತಟ್ಟೆಗಳು ಒಡೆಯುವುದು ಈ ಲೆಕ್ಕ ತಪ್ಪಿದಾಗ.

ಬೇರೆ ಬೇರೆ ಬಾಟಲಿಯ ಗಾಜನ್ನು ಕೂಡಿಸಿ ಕರಗಿಸಬೇಡಿ. ಕುಗ್ಗುವ ಪ್ರಮಾಣ ಬೇರೆಯಾಗಿದ್ದರೆ ಎಷ್ಟು ನಿಧಾನವಾಗಿ ಆರಿಸಿದರೂ ಕೂಡಿದ ಗೆರೆಯಲ್ಲಿ ಬಿಡುತ್ತದೆ.

ಒತ್ತಡ ಇಳಿದಿದೆಯಾ ಅಂತ ಮನೆಯಲ್ಲೇ ನೋಡಬಹುದು. ಎಲ್‌ಸಿಡಿ ಪರದೆಯ ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಕಣ್ಣಿನ ಮುಂದೆ ಹಿಡಿದು, ಪರದೆ ಕಪ್ಪಾಗಿ ಕಾಣುವವರೆಗೆ ತಿರುಗಿಸಿ. ಈಗ ನಿಮ್ಮ ಗಾಜಿನ ವಸ್ತುವನ್ನು ಪರದೆಗೂ ಕನ್ನಡಕಕ್ಕೂ ನಡುವೆ ಹಿಡಿದು ಮೆಲ್ಲಗೆ ತಿರುಗಿಸುತ್ತಾ ನೋಡಿ. ಎಲ್ಲ ಕಡೆಯೂ ಕಪ್ಪಾಗೇ ಉಳಿದರೆ ಸರಿಯಾಗಿದೆ. ಎಲ್ಲಾದರೂ ಬೆಳ್ಳಗೆ ಅಥವಾ ಬಣ್ಣ ಬಣ್ಣವಾಗಿ ಹೊಳೆದರೆ ಅಲ್ಲಿ ಒತ್ತಡ ಉಳಿದಿದೆ. ಅಂಥದ್ದನ್ನು ಮತ್ತೆ ಭಟ್ಟಿಗೆ ಹಾಕಿ ಪೂರ್ತಿ ಕ್ರಮ ಇನ್ನೊಮ್ಮೆ ಮಾಡಬಹುದು, ಗಾಜಿಗೆ ಅದರಿಂದ ತೊಂದರೆ ಇಲ್ಲ. ಶಾಖ ಏರಿಸುವಾಗ ಮಾತ್ರ ಮೊದಲಿಗಿಂತ ನಿಧಾನವಾಗಿ ಏರಿಸಿ, ಒತ್ತಡ ಇರುವ ಗಾಜು ಕಾಯುವಾಗಲೇ ಒಡೆಯುವುದು ಜಾಸ್ತಿ.